ಬಿಲ್ ಕೌಂಟರಿನಲ್ಲಿ ಕೇಳುವ ಹತ್ತು ಅಂಕಿ

ಮಾಟುಂಗಾ ಇರಲಿ, ಡೊಂಬಿವಲಿ ಇರಲಿ, ನೆರೂಲ್ ಇರಲಿ, ಉಡುಪಿ ಹೋಟೆಲಿನ ಗಲ್ಲಾದ ಮೇಲೆ ಈಗ ಹೆಚ್ಚುಕಡಿಮೆ ಒಂದೇ ಥರದ ಸಾಮಾನು. ಹಣ ಬಿದ್ದೊಡನೆ ಕೂಗಿ ಹೇಳುವ ಯುಪಿಐ ಸ್ಪೀಕರು, ಫುಡ್ ಡೆಲಿವರಿ ಆಪ್‌ಗಳ ಆರ್ಡರು ಬೀಳುವ ಒಂದೆರಡು ಮೊಬೈಲು, ಬಿಲ್ ಮೆಷಿನ್ನು, ಮೊದಲಿನಿಂದಲೂ ಇರುವ ಸೋಂಪಿನ ಬಟ್ಟಲು. ಬೆಳಿಗ್ಗೆ ಏಳಕ್ಕೆ ಬರುವ ಸೇಠ್‌ಗೆ ಚಟ್ನಿ ಬೇಡ, ಸಾಂಬಾರು ಎರಡು ಸಲ ಬೇಕು ಎಂಬುದು ಗಲ್ಲಾದಲ್ಲಿ ಕೂತ ಶೆಟ್ಟರಿಗೆ ಗೊತ್ತು. ಆದರೆ ಆಪ್ ಮೂಲಕ ವಾರಕ್ಕೆ ನಾಲ್ಕು ದಿನ ಅದೇ ಇಡ್ಲಿ ತರಿಸಿಕೊಳ್ಳುವ ಗಿರಾಕಿ ಯಾರೆಂದು ಅವರಿಗೆ ಗೊತ್ತಿಲ್ಲ. "ಕಮಿಷನ್ ಹೇಗೂ ಹೋಗೋದೇ ಮಾರಾಯ್ರೇ, ಗಿರಾಕಿಯ ನಂಬರಾದ್ರೂ ಕೊಡ್ಬಾರ್ದಾ?" ಎಂಬ ಮಾತು ಮುಂಬಯಿಯ ಹೋಟೆಲಿನವರು ನಾಲ್ಕು ಜನ ಸೇರಿದಲ್ಲೆಲ್ಲ ಕೇಳುತ್ತದೆ. ರೆಸ್ಟೋರೆಂಟುಗಳ ರಾಷ್ಟ್ರೀಯ ಸಂಘಟನೆ 2021ರಲ್ಲಿ ಸ್ಪರ್ಧಾ ಆಯೋಗದ ಮೆಟ್ಟಿಲು ಹತ್ತಿದಾಗಲೂ, ಆಪ್‌ನವರು ಗಿರಾಕಿಯ ಮಾಹಿತಿಯನ್ನು ತಮ್ಮಿಂದ ಮುಚ್ಚಿಡುತ್ತಾರೆ ಎಂಬುದು ಅದರ ದೂರುಗಳಲ್ಲಿ ಒಂದಾಗಿತ್ತು.

ಇದೇ ಶೆಟ್ಟರು ಭಾನುವಾರ ಮನೆಯವರ ಜೊತೆ ಠಾಣೆಯ ಮಾಲ್‌ಗೆ ಹೋಗಿ ಒಂದು ಅಂಗಿ ತಗೊಂಡರೆ ಕೌಂಟರಿನ ಹುಡುಗಿ ತಲೆ ಎತ್ತದೆ "ಸರ್, ಮೊಬೈಲ್ ನಂಬರ್?" ಅನ್ನುತ್ತಾಳೆ. ಅವರು ಒಂದು ಕ್ಷಣವೂ ಯೋಚಿಸದೆ ಹತ್ತು ಅಂಕಿ ಹೇಳಿಬಿಡುತ್ತಾರೆ. ತಮ್ಮ ಹೋಟೆಲಿನಲ್ಲಿ ಕೈಮುಗಿದು ಕೇಳಿದರೂ ಸಿಗದ ವಸ್ತುವನ್ನು ಇಲ್ಲಿ ಪುಕ್ಕಟೆ ಕೊಟ್ಟು, ಮೇಲಿಂದ ಕ್ಯಾರಿಬ್ಯಾಗಿಗೆ ದುಡ್ಡು ತೆತ್ತು ಹೊರಗೆ ಬರುತ್ತಾರೆ.

ಕಂಪನಿಗಳು ನಮ್ಮ ಮಾಹಿತಿ ಕದಿಯುತ್ತವೆ, ಮಾರುತ್ತವೆ ಎಂದು ಎಲ್ಲರೂ ಹೇಳುತ್ತೇವೆ. ಕದಿಯುವುದೂ ಉಂಟು, ಮಾರುವುದೂ ಉಂಟು. ದೊಡ್ಡ ದುಡ್ಡು ಇರುವುದು ಮಾತ್ರ ಜೋಡಿಸುವುದರಲ್ಲಿ. ಅಂಗಿಯ ಸೈಜು ಒಂದು ಅಂಗಡಿಯಲ್ಲಿದೆ, ಔಷಧದ ಪಟ್ಟಿ ಇನ್ನೊಂದು ಕಡೆ, ಸಂಬಳ ಬ್ಯಾಂಕಿನಲ್ಲಿ, ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದು ಫೋನಿನಲ್ಲಿ. ಬಿಡಿಬಿಡಿಯಾಗಿ ಇವಕ್ಕೆ ಕಾಸಿನ ಕಿಮ್ಮತ್ತಿಲ್ಲ. ಇವೆಲ್ಲ ಒಬ್ಬನವೇ ಎಂದು ಗೊತ್ತಾದ ಕ್ಷಣ ಬೆಲೆ ಏರುತ್ತದೆ. ಬಿಡಿ ಮಲ್ಲಿಗೆಯನ್ನು ಮಾಲೆ ಮಾಡುವ ಬಾಳೆನಾರಿನ ಕೆಲಸವನ್ನು ಭಾರತದಲ್ಲಿ ಮೊಬೈಲ್ ನಂಬರು ಮಾಡುತ್ತದೆ.

ಮುಂಬಯಿಯಂಥ ಊರಿನಲ್ಲಿ ಇದು ಇನ್ನೂ ಸ್ಪಷ್ಟ. ಇಲ್ಲಿ ಅರ್ಧ ಊರು ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಬಾಡಿಗೆ ಕರಾರಿನ ಮೇಲೆ ಬದುಕುತ್ತದೆ. ವಿಳಾಸ ಬದಲಾಗುತ್ತದೆ, ಕೆಲಸ ಬದಲಾಗುತ್ತದೆ, ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ನಂಬರು ಮಾತ್ರ ಬದಲಾಗುವುದಿಲ್ಲ. 2011ರಲ್ಲಿ ನಂಬರ್ ಪೋರ್ಟಬಿಲಿಟಿ ಬಂದ ಮೇಲೆ ಕಂಪನಿ ಬದಲಿಸಿದರೂ ನಂಬರು ಉಳಿಯಿತು. 2015ರಲ್ಲಿ ಅದು ರಾಜ್ಯದಾಚೆಗೂ ವಿಸ್ತರಿಸಿದ ಮೇಲೆ ಕುಂದಾಪುರದಲ್ಲಿ ತಗೊಂಡ ನಂಬರು ಬೊರಿವಲಿಯಲ್ಲೂ ಜೊತೆಗಿದೆ. ಬ್ಯಾಂಕು, ಆಧಾರ್, ಗ್ಯಾಸ್ ಬುಕಿಂಗು, ಮಕ್ಕಳ ಶಾಲೆಯ ಗ್ರೂಪು, ಸೊಸೈಟಿಯ ಗೇಟಿನ ಆಪು, ಎಲ್ಲಕ್ಕೂ ಅದೇ. ಅಂಗಡಿಯವನಿಗೆ ನಿಮ್ಮ ಹೆಸರು ಬೇಡ ಅನ್ನಿ, ಅವನು ಕೇಳುವುದೂ ಇಲ್ಲ.

ಈಗ ಸಂಗ್ರಹದ ಕಡೆ ಬರೋಣ. ನಾವಾಗಿ ಕೊಡುವುದು ಒಂದು ಬಗೆ: ಫಾರಂ, ಲಕ್ಕಿ ಡ್ರಾ ಕೂಪನ್ನು, ಲಾಯಲ್ಟಿ ಕಾರ್ಡು. ನಾವು ಕೊಡದೆ, ನಮ್ಮ ನಡೆ ನೋಡಿ ಬರೆದಿಟ್ಟುಕೊಳ್ಳುವುದು ಎರಡನೆಯದು. ಈ ಎರಡರಿಂದ ಊಹಿಸಿದ್ದು ಮೂರನೆಯದು. ಜನ ಹೆದರುವುದು ಮೊದಲನೆಯದಕ್ಕೆ. ಹೆದರಬೇಕಾದದ್ದು ಮೂರನೆಯದಕ್ಕೆ.

ಎರಡನೆಯದು ಹೇಗೆ ನಡೆಯುತ್ತದೆ ನೋಡಿ. ಒಂದು ಆಪ್ ಮಾಡುವವರು ಅದರ ಪ್ರತಿಯೊಂದು ಭಾಗವನ್ನೂ ತಾವೇ ಬರೆಯುವುದಿಲ್ಲ. ಜಾಹೀರಾತು ತೋರಿಸಲು ಒಬ್ಬರ ಸಿದ್ಧ ಕೋಡು, ಬಳಕೆ ಅಳೆಯಲು ಇನ್ನೊಬ್ಬರದು, ನಕ್ಷೆಗೆ ಮತ್ತೊಬ್ಬರದು. ಇವನ್ನು ಎಸ್‌ಡಿಕೆ ಅನ್ನುತ್ತಾರೆ. ನೀವು ಅನುಮತಿ ಕೊಟ್ಟದ್ದು ಹವಾಮಾನ ಹೇಳುವ ಆಪ್‌ಗೆ, ಆದರೆ ಅದರ ಹೊಟ್ಟೆಯೊಳಗೆ ಕೂತ ಎಸ್‌ಡಿಕೆಗಳೂ ಅದೇ ಅನುಮತಿಯಲ್ಲಿ ನೋಡಬಲ್ಲವು. ಇದಲ್ಲದೆ ಪ್ರತಿ ಫೋನಿಗೂ ಜಾಹೀರಾತಿಗೆಂದೇ ಒಂದು ಗುರುತು ಸಂಖ್ಯೆ ಇರುತ್ತದೆ. ಹತ್ತು ಆಪ್‌ಗಳು ಬೇರೆ ಬೇರೆಯಾಗಿ ಕಂಡದ್ದನ್ನು ಒಂದೇ ಫೋನಿನದೆಂದು ಹೊಂದಿಸಲು ಅದು ಸಾಕು. ಆಪಲ್ 2021ರ ಏಪ್ರಿಲಿನಲ್ಲಿ, ಈ ಸಂಖ್ಯೆ ಬೇಕಾದರೆ ಬಳಕೆದಾರರನ್ನು ಮೊದಲು ಕೇಳಲೇಬೇಕು ಎಂಬ ನಿಯಮ ತಂದಿತು. ಕೇಳಿದಾಗ ಬೇಡ ಅಂದವರು ಅಷ್ಟೊಂದು ಜನ ಇದ್ದದ್ದರಿಂದಲೇ ಜಾಹೀರಾತು ಕಂಪನಿಗಳು ಬೊಬ್ಬೆ ಹೊಡೆದವು.

ಇನ್ನು ಸ್ಥಳದ ಮಾಹಿತಿ. ಡೊಂಬಿವಲಿಯಿಂದ ದಿನಾ ಫಾಸ್ಟ್ ಲೋಕಲ್ ಹಿಡಿಯುವ ಒಬ್ಬರ ಫೋನನ್ನು ಎಣಿಸಿಕೊಳ್ಳಿ. ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಆರರವರೆಗೆ ಅದು ನಿಂತಿರುವ ಜಾಗವೇ ಮನೆ. ಹಗಲು ನಿಂತಿರುವುದು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಒಂದು ಕಟ್ಟಡ, ಅದು ಆಫೀಸು. ಮಂಗಳವಾರ ಸಂಜೆ ಪ್ರಭಾದೇವಿ, ಅಂದರೆ ಸಿದ್ಧಿವಿನಾಯಕ. ಇದ್ದಕ್ಕಿದ್ದಂತೆ ಮೂರು ವಾರಕ್ಕೊಮ್ಮೆ ಇಡೀ ದಿನ ಪರೇಲಿನ ಟಾಟಾ ಆಸ್ಪತ್ರೆಯ ಆವರಣ ಅಂತ ಬಂದರೆ, ಮನೆಯಲ್ಲಿ ಯಾರಿಗೋ ಕೀಮೋ ನಡೆಯುತ್ತಿದೆ ಎಂದು ಊಹಿಸಲು ಡಾಕ್ಟರೇ ಬೇಕಾಗಿಲ್ಲ. ಈ ಮನುಷ್ಯ ಎಲ್ಲೂ ಕ್ಯಾನ್ಸರ್ ಎಂಬ ಪದ ಬರೆದಿಲ್ಲ, ಯಾವ ಫಾರಂನಲ್ಲೂ ತುಂಬಿಲ್ಲ. ಮೂರನೆಯ ಬಗೆ ಅಂದದ್ದು ಇದನ್ನೇ.

"ಆದರೆ ಅದರಲ್ಲಿ ಹೆಸರಿರುವುದಿಲ್ಲವಲ್ಲ" ಎಂಬುದು ಕಂಪನಿಗಳ ಸಿದ್ಧ ಉತ್ತರ. 2013ರಲ್ಲಿ ಪ್ರಕಟವಾದ ಒಂದು ಸಂಶೋಧನೆ 15 ಲಕ್ಷ ಜನರ ಹದಿನೈದು ತಿಂಗಳ ಮೊಬೈಲ್ ಓಡಾಟವನ್ನು ಹೆಸರು ತೆಗೆದು ನೋಡಿತು. ಯಾವ ಹೊತ್ತಿಗೆ ಎಲ್ಲಿದ್ದರು ಎಂಬ ನಾಲ್ಕೇ ನಾಲ್ಕು ಬಿಂದು ಗೊತ್ತಿದ್ದರೆ 95 ಪ್ರತಿಶತ ಜನರನ್ನು ಉಳಿದವರಿಂದ ಬೇರೆ ಮಾಡಿ ಹೇಳಬಹುದಿತ್ತು. ಎರಡು ವರ್ಷದ ನಂತರ ಅದೇ ಬಗೆಯ ಅಧ್ಯಯನ ಕ್ರೆಡಿಟ್ ಕಾರ್ಡಿನ ಖರೀದಿಗಳ ಮೇಲೆ ನಡೆಯಿತು. 11 ಲಕ್ಷ ಜನ, ಮತ್ತೆ ನಾಲ್ಕು ಬಿಂದು, 90 ಪ್ರತಿಶತ. ಮನೆ ಮತ್ತು ಆಫೀಸು ಎರಡೂ ಕೂಡಿ ಬರುವ ಮನುಷ್ಯ ಇಡೀ ಮುಂಬಯಿಯಲ್ಲಿ ಸಾಮಾನ್ಯವಾಗಿ ಒಬ್ಬನೇ.

ಬಿಲ್ ಕೌಂಟರಿನಲ್ಲಿ ಹೇಳಿದ ನಂಬರು ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಸ್ವಲ್ಪ ನಿಧಾನಕ್ಕೆ ನೋಡಬೇಕು, ಹೆಚ್ಚಿನವರಿಗೆ ಕಾಣದ ಭಾಗ ಇದೇ. ಒಂದು ಚಿನ್ನದ ಅಂಗಡಿ ಅನ್ನಿ. ಅಕ್ಷಯ ತೃತೀಯಕ್ಕೆ ಬಂದ ಗಿರಾಕಿಗಳ ನಂಬರು ಅವರ ಬಿಲ್ಲಿಂಗ್ ಕಂಪ್ಯೂಟರಿನಲ್ಲಿದೆ. ಧನತೇರಸ್‌ಗೆ ಮೊದಲು ಅಂಗಡಿಯವರ ಜಾಹೀರಾತು ಏಜೆನ್ಸಿ ಆ ಎಕ್ಸೆಲ್ ಪಟ್ಟಿಯನ್ನು ಫೇಸ್‌ಬುಕ್‌ಗೋ ಗೂಗಲ್‌ಗೋ ಏರಿಸುತ್ತದೆ. ಇಂಥ ಸೌಲಭ್ಯವನ್ನು ಫೇಸ್‌ಬುಕ್ 2012ರಲ್ಲೇ ಶುರುಮಾಡಿತು. ಏರಿಸುವ ಮೊದಲು ನಂಬರುಗಳನ್ನು ಒಂದು ಲೆಕ್ಕದ ಸೂತ್ರದಲ್ಲಿ ಹಾಕಿ ಉದ್ದನೆಯ ಅರ್ಥವಿಲ್ಲದ ಅಕ್ಷರಮಾಲೆಯಾಗಿ ಪರಿವರ್ತಿಸುತ್ತಾರೆ, ಅದಕ್ಕೆ ಹ್ಯಾಶ್ ಎಂದು ಹೆಸರು. ಆ ಕಡೆ ಫೇಸ್‌ಬುಕ್ಕೂ ತನ್ನ ಸದಸ್ಯರ ನಂಬರುಗಳನ್ನು ಅದೇ ಸೂತ್ರದಲ್ಲಿ ಹಾಕಿಟ್ಟಿದೆ. ಎರಡೂ ಮಾಲೆ ತಾಳೆಯಾದರೆ ಅದು ನೀವೇ. ಆಮೇಲೆ ನಿಮ್ಮ ಫೀಡಿನಲ್ಲಿ ಅದೇ ಅಂಗಡಿಯ ಕರಿಮಣಿ ಸರ ಬರುತ್ತದೆ, ನೀವು "ಇವರು ನಮ್ಮ ಮಾತು ಕದ್ದು ಕೇಳ್ತಾರೆ" ಅನ್ನುತ್ತೀರಿ. ಮಾತು ಕೇಳುವ ಅಗತ್ಯವೇ ಬಿದ್ದಿರುವುದಿಲ್ಲ.

ಈ ಹ್ಯಾಶ್ ಇದೆಯಲ್ಲ, ಇದನ್ನು ಗುಟ್ಟು ಕಾಯುವ ಬೀಗ ಎಂಬಂತೆ ತೋರಿಸುತ್ತಾರೆ. ಭಾರತದ ಮೊಬೈಲ್ ನಂಬರು ಹತ್ತು ಅಂಕಿಯದು, ಶುರುವಾಗುವುದು 6, 7, 8 ಇಲ್ಲವೇ 9ರಿಂದ. ಅಂದರೆ ಇರಬಹುದಾದ ನಂಬರುಗಳು ಒಟ್ಟು 400 ಕೋಟಿ. ಮನುಷ್ಯನಿಗೆ ದೊಡ್ಡ ಸಂಖ್ಯೆ, ಇಂದಿನ ಕಂಪ್ಯೂಟರಿಗೆ ಏನೂ ಅಲ್ಲ. ಎಲ್ಲ 400 ಕೋಟಿ ನಂಬರಿನ ಹ್ಯಾಶನ್ನೂ ಮೊದಲೇ ಲೆಕ್ಕಹಾಕಿ ಪಟ್ಟಿ ಮಾಡಿಟ್ಟುಕೊಂಡರೆ ಯಾವ ಮಾಲೆ ಯಾವ ನಂಬರಿನದೆಂದು ಹಿಂದಕ್ಕೆ ಓದಬಹುದು. ಬೀಗವೇನೋ ಇದೆ, ಕೀಲಿ ಬಾಗಿಲ ಮೇಲೇ ತೂಗಾಡುತ್ತಿದೆ.

ತಾಳೆಯಾದ ಮೇಲೆ ಇನ್ನೆರಡು ಕೆಲಸ ನಡೆಯುತ್ತದೆ. ಮೊದಲನೆಯದು, ನಿಮ್ಮನ್ನು ಹೋಲುವವರನ್ನು ಹುಡುಕುವುದು. ಚಿನ್ನ ಕೊಂಡವರ ವಯಸ್ಸು, ಏರಿಯಾ, ಅಭಿರುಚಿ ನೋಡಿ ಅದೇ ಥರದ ಇನ್ನಷ್ಟು ಲಕ್ಷ ಜನಕ್ಕೆ ಜಾಹೀರಾತು ಹೋಗುತ್ತದೆ. ನೀವು ಕೊಟ್ಟ ನಂಬರು ನೀವು ಕಂಡೇ ಇರದ ಯಾರನ್ನೋ ಹಿಡಿಯಲು ಗಾಳವಾಗುತ್ತದೆ. ಎರಡನೆಯದು ವಾಪಸು ವರದಿ. ಜಾಹೀರಾತು ನೋಡಿದವರಲ್ಲಿ ಯಾರು ಅಂಗಡಿಗೆ ಬಂದು ಕೊಂಡರು ಎಂಬುದನ್ನು ಅಂಗಡಿ ಮತ್ತೆ ನಂಬರಿನ ಮೂಲಕವೇ ತಿಳಿಸುತ್ತದೆ. ಹೀಗೆ ನೀವು ಕಟ್ಟಿದ ಬಿಲ್ಲಿನ ಮೊತ್ತವೂ ಫೇಸ್‌ಬುಕ್ಕೋ ಗೂಗಲ್ಲೋ ನಿಮ್ಮ ಬಗ್ಗೆ ಇಟ್ಟ ಹಾಳೆಗೆ ಸೇರುತ್ತದೆ. ಗಮನಿಸಿ, ಇದರಲ್ಲಿ ಯಾರೂ ಯಾರಿಗೂ ಪಟ್ಟಿ 'ಮಾರಿಲ್ಲ'. "ನಾವು ನಿಮ್ಮ ಮಾಹಿತಿ ಮಾರುವುದಿಲ್ಲ" ಎಂದು ದೊಡ್ಡ ಕಂಪನಿಗಳು ಎದೆ ತಟ್ಟಿ ಹೇಳುವಾಗ ಸುಳ್ಳು ಹೇಳುತ್ತಿರುವುದಿಲ್ಲ. ಮಾರಿದರೆ ಒಂದೇ ಸಲ ದುಡ್ಡು, ಇಟ್ಟುಕೊಂಡು ಬಾಡಿಗೆಗೆ ಬಿಟ್ಟರೆ ಪ್ರತಿ ಹಬ್ಬಕ್ಕೂ ದುಡ್ಡು. ಯಾವ ಮುಂಬಯಿ ಮನೆಮಾಲೀಕನಿಗೂ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಪಟ್ಟಿ ನಿಜಕ್ಕೂ ಚೆಲ್ಲಾಡುವ ಜಾಗ ಬೇರೆ ಇದೆ, ಹರಾಜು. ಘಾಟ್ಕೋಪರ್ ದಾಟುವ ಹೊತ್ತಿಗೆ ನೀವು ಫೋನಿನಲ್ಲಿ ಒಂದು ಸುದ್ದಿ ತೆರೆಯುತ್ತೀರಿ ಅನ್ನಿ. ಪುಟ ಮೂಡುವ ಮೊದಲು, ಖಾಲಿ ಇರುವ ಜಾಹೀರಾತಿನ ಜಾಗಕ್ಕೆ ಹರಾಜು ನಡೆಯುತ್ತದೆ. ಇಂಥ ಫೋನು, ಇಂಥ ಊರು, ಈ ಬಗೆಯ ಪುಟ ಓದುತ್ತಿದ್ದಾನೆ, ಗುರುತು ಸಂಖ್ಯೆ ಇಷ್ಟು ಎಂಬ ಚೀಟಿ ಹತ್ತಾರು, ಕೆಲವೊಮ್ಮೆ ನೂರಾರು ಕಂಪನಿಗಳಿಗೆ ಹೋಗುತ್ತದೆ. ಅವುಗಳ ಯಂತ್ರಗಳು ಬೆಲೆ ಕೂಗುತ್ತವೆ, ಹೆಚ್ಚು ಕೂಗಿದವನ ಜಾಹೀರಾತು ಬರುತ್ತದೆ. ಎಲ್ಲ ಸೇರಿ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ. ಗೆದ್ದವನು ಒಬ್ಬ, ಆದರೆ ಚೀಟಿ ಎಲ್ಲರ ಕೈಗೂ ಹೋಗಿ ಆಗಿದೆ. ಸೋತವರು ಅದನ್ನು ಹರಿದುಹಾಕಿದರೋ ಜೋಪಾನ ಮಾಡಿದರೋ ನೋಡುವವರಿಲ್ಲ. ಅಮೆರಿಕದಲ್ಲಿ ಫೋನುಗಳ ಓಡಾಟದ ಮಾಹಿತಿ ಮಾರುವ ದಲ್ಲಾಳಿ ಕಂಪನಿಗಳ ಮೇಲೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಸಾಲಾಗಿ ಕ್ರಮ ಕೈಗೊಂಡಿದೆ. 2024ರ ಜನವರಿಯಲ್ಲಿ ಎಕ್ಸ್-ಮೋಡ್ ಎಂಬ ಕಂಪನಿಗೆ ಆಸ್ಪತ್ರೆ, ಪ್ರಾರ್ಥನಾಸ್ಥಳದಂಥ ಸೂಕ್ಷ್ಮ ಜಾಗಗಳ ಮಾಹಿತಿ ಮಾರಬಾರದೆಂದು ಹೇರಿದ್ದು ಅಂಥ ಮೊದಲ ನಿಷೇಧ.

ದುಡ್ಡು ಎಷ್ಟು? ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್ 2024ರಲ್ಲಿ ಗಳಿಸಿದ ಸುಮಾರು 35,000 ಕೋಟಿ ಡಾಲರಿನಲ್ಲಿ 26,000 ಕೋಟಿಗೂ ಹೆಚ್ಚು ಬಂದದ್ದು ಜಾಹೀರಾತಿನಿಂದ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್ಆಪ್‌ಗಳ ಒಡೆಯ ಮೆಟಾದ್ದು ಆ ವರ್ಷ 16,450 ಕೋಟಿ ಡಾಲರ್, ಅದರಲ್ಲಿ 16,000 ಕೋಟಿಗೂ ಹೆಚ್ಚು ಜಾಹೀರಾತೇ. ಉಳಿದದ್ದೆಲ್ಲ ಚಿಲ್ಲರೆ.

ನಮ್ಮಲ್ಲಿ ಲಾಭದ ಇನ್ನೊಂದು ದಾರಿ ಇದೆ, ಸಾಲ. ಹೋಟೆಲಿನ ಆ ಸ್ಪೀಕರಿನ ವಿಷಯಕ್ಕೆ ಬರೋಣ. ಯುಪಿಐ ನಡೆಸುವ ಎನ್‌ಪಿಸಿಐ ಇರುವುದು ಇದೇ ಮುಂಬಯಿಯಲ್ಲಿ. 2020ರ ಜನವರಿಯಿಂದ ಬ್ಯಾಂಕ್ ಖಾತೆಯಿಂದ ನೇರ ಹೋಗುವ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಮತ್ತೆ ಫೋನ್‌ಪೇ, ಗೂಗಲ್ ಪೇ ಎರಡೇ ಸೇರಿ ದೇಶದ ಸುಮಾರು 80 ಪ್ರತಿಶತ ಯುಪಿಐ ವಹಿವಾಟನ್ನು ಪುಕ್ಕಟೆ ನಡೆಸಿಕೊಡುವುದೇಕೆ? ರೀಚಾರ್ಜಿನ ಸಣ್ಣ ಶುಲ್ಕ, ಸ್ಪೀಕರಿನ ತಿಂಗಳ ಬಾಡಿಗೆ ಇತ್ಯಾದಿ ಇದ್ದೇ ಇದೆ. ಆದರೆ ಪಾವತಿ ಆಪ್‌ಗಳ ಕಣ್ಣಿರುವುದು ಅದರ ಮೇಲೆ ಮಾರಬಹುದಾದ ಸಾಲ, ವಿಮೆ, ಮ್ಯೂಚುವಲ್ ಫಂಡಿನ ಮೇಲೆ. ದಿನಕ್ಕೆ ಎಷ್ಟು ಕ್ಯೂಆರ್ ಪಾವತಿ ಬಿತ್ತು, ಮಳೆಗಾಲದಲ್ಲಿ ಎಷ್ಟು ಕುಸಿಯಿತು, ತಿಂಗಳ ಕೊನೆಗೆ ಹೇಗಿದೆ ಎಂಬ ಲೆಕ್ಕ ಹೋಟೆಲಿನ ಆಡಿಟರಿಗಿಂತ ಮೊದಲು ಅವರಿಗೆ ಗೊತ್ತು. ಅದರ ಮೇಲೆ "ನಿಮಗೆ ಇಷ್ಟು ಲಕ್ಷ ಸಾಲ ಮಂಜೂರಾಗಿದೆ" ಎಂಬ ಮೆಸೇಜು ಬರುತ್ತದೆ, ಕಂತನ್ನು ದಿನದ ಗಳಿಕೆಯಿಂದಲೇ ಮುರಿದುಕೊಳ್ಳುವವರೂ ಇದ್ದಾರೆ. ಇದರಲ್ಲಿ ಕೆಟ್ಟದ್ದೇ ಇದೆ ಅಂತ ನಾನು ಹೇಳಲಾರೆ. ಜಾಮೀನಿಗೆ ಆಸ್ತಿಯಿಲ್ಲದ ಎಷ್ಟೋ ಸಣ್ಣ ವ್ಯಾಪಾರಿಗಳಿಗೆ ಬ್ಯಾಂಕು ಬಾಗಿಲು ತೆರೆಯದಿದ್ದಾಗ ಇದೇ ಕೈಹಿಡಿದಿದೆ. ಹಿಂದೆ ಊರಿನ ಪರಿಚಯದ ಮೇಲೆ ಚೀಟಿ ಫಂಡು ನಡೆಯುತ್ತಿದ್ದ ಜಾಗದಲ್ಲಿ ಈಗ ಕ್ಯೂಆರ್ ಲೆಕ್ಕ ಕೂತಿದೆ.

ಅದರ ಕರಾಳ ಮುಖವನ್ನೂ ನೋಡಿದ್ದೇವೆ. ಕೊರೋನಾ ಕಾಲದಲ್ಲಿ ಹುಟ್ಟಿಕೊಂಡ ದಿಢೀರ್ ಸಾಲದ ಆಪ್‌ಗಳು ಮೊದಲು ಕೇಳುತ್ತಿದ್ದುದು ಕಾಂಟ್ಯಾಕ್ಟ್ ಪಟ್ಟಿಗೆ ಅನುಮತಿ. ಕಂತು ತಪ್ಪಿದರೆ ಅಕ್ಕನಿಗೆ, ಮಾವನಿಗೆ, ಆಫೀಸಿನ ಬಾಸಿಗೆ ಫೋನು. ಮಾನಕ್ಕಂಜುವವನ ಮಾನವೇ ಅಲ್ಲಿ ಜಾಮೀನು. ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನ ನಿರ್ದೇಶನದಲ್ಲಿ, ಸಾಲದ ಆಪ್‌ಗಳು ಕಾಂಟ್ಯಾಕ್ಟು, ಕಾಲ್ ಲಾಗು, ಫೋಟೋ ಫೈಲುಗಳನ್ನು ಮುಟ್ಟಬಾರದು, ಕ್ಯಾಮೆರಾ, ಮೈಕು, ಸ್ಥಳದ ಅನುಮತಿ ಬೇಕಾದರೆ ಕೆವೈಸಿಗೆ ಒಂದು ಸಲ ಮಾತ್ರ, ಅದೂ ಒಪ್ಪಿಗೆ ಪಡೆದು ಎಂದು ಕಟ್ಟುಹಾಕಿತು. ನಿಯಮ ರಿಸರ್ವ್ ಬ್ಯಾಂಕಿನ ಅಂಕೆಯಲ್ಲಿರುವವರಿಗೆ ಅನ್ವಯ. ಅಂಕೆಯ ಹೊರಗಿನ ಕಳ್ಳ ಆಪ್‌ಗಳ ಮಾತು ಬೇರೆ.

ಮನೆ ಹುಡುಕುವವರ ಅನುಭವ ಇನ್ನೊಂದು ಬಗೆ. ಒಂದು ಸೈಟಿನಲ್ಲಿ "ಮುಲುಂಡ್, 2 ಬಿಎಚ್‌ಕೆ" ಎಂದು ಹುಡುಕಿ ನಂಬರು ಹಾಕಿದರೆ ಸಾಕು, ಸಂಜೆಯೊಳಗೆ ಅಂಬರನಾಥದಿಂದ ಪನ್ವೇಲ್‌ವರೆಗಿನ ಏಜೆಂಟರೆಲ್ಲ ಫೋನು ಮಾಡುತ್ತಾರೆ. ಇದು ಲೀಡ್ ವ್ಯಾಪಾರ. ಕೊಳ್ಳುವ ಮನಸ್ಸಿರುವ ಒಬ್ಬನ ನಂಬರಿಗೆ ಬಿಲ್ಡರು ಕೊಡುವ ಬೆಲೆಯ ಮುಂದೆ ಮಾಮೂಲಿ ನಂಬರಿನ ಬೆಲೆ ಏನೂ ಅಲ್ಲ. ಇಲ್ಲಿ ಮಾತ್ರ ಮಾರಾಟ ಅಂದರೆ ಮಾರಾಟವೇ. ನಾವೂ ಪೂರ್ತಿ ಮಡಿವಂತರಲ್ಲ ಬಿಡಿ: ಮುಂಬಯಿಯ ನಮ್ಮ ಎಷ್ಟೋ ಸಮುದಾಯ ಸಂಘಗಳು ಹೆಸರು, ನಂಬರು, ಉದ್ಯೋಗ, ಮದುವೆಗಿರುವ ಮಕ್ಕಳ ವಯಸ್ಸು ಎಲ್ಲ ಹಾಕಿ ಡೈರೆಕ್ಟರಿ ಅಚ್ಚು ಹಾಕಿ ಹಂಚಿವೆ. ವಿಮಾ ಏಜೆಂಟರಿಗೆ ಅದಕ್ಕಿಂತ ಒಳ್ಳೆಯ ಪಟ್ಟಿ ಬೇಕೆ?

ಕೊಟ್ಟ ಉದ್ದೇಶ ಒಂದು, ಬಳಸಿದ್ದು ಇನ್ನೊಂದು ಎಂಬುದಕ್ಕೆ ಹೊರದೇಶದ ಎರಡು ಪ್ರಕರಣ ಹೇಳಿಯೇ ಮುಂದೆ ಹೋಗಬೇಕು. ಅಮೆರಿಕದ ವಿಜಿಯೋ ಎಂಬ ಟಿವಿ ಕಂಪನಿ ತಾನು ಮಾರಿದ 1.1 ಕೋಟಿ ಟಿವಿಗಳಲ್ಲಿ ಜನ ಏನು ನೋಡುತ್ತಾರೆಂದು ಸೆಕೆಂಡು ಸೆಕೆಂಡಿಗೆ ದಾಖಲಿಸಿಕೊಂಡಿತ್ತು. 2017ರಲ್ಲಿ 22 ಲಕ್ಷ ಡಾಲರ್ ಕಟ್ಟಿ ಪ್ರಕರಣ ಮುಗಿಸಿತು. ಜನರಲ್ ಮೋಟಾರ್ಸ್ ಕಾರುಗಳದ್ದು ಇನ್ನೂ ಮೇಲಿನದು. ಕಾರು ಎಲ್ಲಿದೆ ಎಂಬುದನ್ನು ಮೂರು ಸೆಕೆಂಡಿಗೊಮ್ಮೆಯಷ್ಟು ಪದೇಪದೇ ದಾಖಲಿಸಿ, ಗಕ್ಕನೆ ಬ್ರೇಕ್ ಹಾಕಿದ್ದು, ವೇಗವಾಗಿ ಓಡಿಸಿದ್ದು ಎಲ್ಲವನ್ನೂ ದಲ್ಲಾಳಿ ಕಂಪನಿಗಳಿಗೆ ಮಾರಿತೆಂದು ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ ಆರೋಪಿಸಿತು. ಅವರಿಂದ ಅದು ವಿಮಾ ಕಂಪನಿಗಳಿಗೆ ಹೋಗಿ, ಕಾರಿನವರ ಪ್ರೀಮಿಯಂ ಏರಿತು. ದುಡ್ಡು ಕೊಟ್ಟು ಕೊಂಡ ವಸ್ತುವೂ ಒಡೆಯನ ಮೇಲೆ ಚಾಡಿ ಹೇಳಬಲ್ಲದು. 'ಪುಕ್ಕಟೆ ಕೊಟ್ಟರೆ ಮಾತ್ರ ನೀನೇ ಸರಕು' ಎಂಬ ಸಮಾಧಾನ ಈಗ ಉಳಿದಿಲ್ಲ.

ನಮ್ಮಲ್ಲಿ ನಡೆದ ದೊಡ್ಡ ಜಗಳ ವಾಟ್ಸ್ಆಪ್‌ನದು. 2014ರಲ್ಲಿ ಫೇಸ್‌ಬುಕ್ ಅದನ್ನು ಕೊಂಡಿತು. 2021ರಲ್ಲಿ ಹೊಸ ನೀತಿ ಬಂತು: ಬಳಕೆಯ ಮಾಹಿತಿಯನ್ನು ಗುಂಪಿನ ಇತರ ಕಂಪನಿಗಳ ಜೊತೆ ಹಂಚಿಕೊಳ್ಳುತ್ತೇವೆ, ಒಪ್ಪಿ. ಬೇಡ ಅನ್ನುವ ಗುಂಡಿ ಇರಲಿಲ್ಲ. ಮೆಸೇಜಿನ ಒಳಗೇನಿದೆ ಎಂಬುದು ಇಲ್ಲಿ ಪ್ರಶ್ನೆಯಾಗಿರಲಿಲ್ಲ, ಅದು ಬೀಗ ಹಾಕಿಯೇ ಹೋಗುತ್ತದೆ. ನಂಬರು, ಫೋನಿನ ವಿವರ, ಯಾವ ವ್ಯಾಪಾರಿಯ ಜೊತೆ ವ್ಯವಹರಿಸಿದಿರಿ ಎಂಬಂಥವು ಪ್ರಶ್ನೆಯಾಗಿದ್ದವು. ಮತ್ತೆ ಅದೇ ಜೋಡಣೆ. ಸ್ಪರ್ಧಾ ಆಯೋಗ 2024ರ ನವೆಂಬರಿನಲ್ಲಿ ಮೆಟಾಕ್ಕೆ 213.14 ಕೋಟಿ ರೂಪಾಯಿ ದಂಡ ಹಾಕಿ, ಜಾಹೀರಾತಿಗಾಗಿ ಐದು ವರ್ಷ ಹಂಚಿಕೊಳ್ಳಬಾರದೆಂದಿತು. ಮೇಲ್ಮನವಿ ನ್ಯಾಯಮಂಡಳಿ 2025ರ ನವೆಂಬರಿನಲ್ಲಿ ದಂಡವನ್ನು ಎತ್ತಿಹಿಡಿದು, ಐದು ವರ್ಷದ ನಿಷೇಧವನ್ನು ತೆಗೆದುಹಾಕಿತು. ಮೆಟಾದ ವರ್ಷದ ಗಳಿಕೆಯ ಪಕ್ಕದಲ್ಲಿ ಆ ದಂಡವನ್ನಿಟ್ಟು ನೋಡಿದರೆ ಕಂಪನಿಗೆ ನೋವಾಗುತ್ತಿದ್ದುದು ಯಾವುದರಿಂದ ಎಂಬುದು ತಿಳಿಯುತ್ತದೆ.

ಕಾನೂನಿನ ಕತೆಯಲ್ಲಿ ಕನ್ನಡಿಗರ ಪಾಲು ದೊಡ್ಡದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಅದರ ಬೆನ್ನಿಗೆ ಬರಬೇಕಾಗಿದ್ದ ಕಾಯ್ದೆ ಬರಲು 2023ರ ಆಗಸ್ಟ್ ಆಯಿತು: ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ, ಮತ್ತು ಕಂಪನಿಗಳ ಮುಖ್ಯ ಜವಾಬ್ದಾರಿಗಳಿಗೆ ಆಗ ಕೊಟ್ಟ ಗಡುವು 18 ತಿಂಗಳು.

ಕಾಯ್ದೆಯೊಳಗೆ ಉದಾಹರಣೆಗಳನ್ನು ಕೊಟ್ಟಿದ್ದಾರೆ, ಅವು ಕಾಯ್ದೆಯ ಭಾಷೆಗಿಂತ ಎಷ್ಟೋ ಚೆನ್ನಾಗಿವೆ. ಒಬ್ಬಾಕೆ ಔಷಧದ ಅಂಗಡಿಯಲ್ಲಿ, ರಸೀದಿಯನ್ನು ಮೊಬೈಲಿಗೆ ಕಳಿಸಿ ಎಂದು ನಂಬರು ಕೊಡುತ್ತಾಳೆ. ಅಂಗಡಿಯವನು ಅದನ್ನು ರಸೀದಿ ಕಳಿಸಲು ಬಳಸಬಹುದು. ಅಷ್ಟೇ. ಡಾಕ್ಟರ ಸಲಹೆ ಕೊಡುವ ಆಪ್ ಸಲಹೆಯ ಜೊತೆಗೆ ಕಾಂಟ್ಯಾಕ್ಟ್ ಪಟ್ಟಿಗೂ ಒಪ್ಪಿಗೆ ಕೇಳುತ್ತದೆ, ಬಳಕೆದಾರಳು ಎರಡಕ್ಕೂ ಹೂಂ ಅನ್ನುತ್ತಾಳೆ. ಸಲಹೆಗೆ ಕಾಂಟ್ಯಾಕ್ಟ್ ಬೇಕಾಗಿಲ್ಲವಾದ್ದರಿಂದ ಆ ಒಪ್ಪಿಗೆ ಲೆಕ್ಕಕ್ಕಿಲ್ಲ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳುವಂತಿರಬೇಕು. ಒಪ್ಪಿಗೆಯ ಸೂಚನೆಯನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು, ಅಂದರೆ ಮೀರಾ ರೋಡಿನಲ್ಲಿ ಕೂತ ಅಮ್ಮನೂ ಕನ್ನಡದಲ್ಲಿ ಕೊಡಿ ಎನ್ನಬಹುದು. ಮಾಹಿತಿ ಸೋರದಂತೆ ಕಾಯದ ಕಂಪನಿಗೆ ದಂಡ 250 ಕೋಟಿ ರೂಪಾಯಿಯವರೆಗೆ.

ಈ ದಂಡ ಹೋಗುವುದು ಸರ್ಕಾರದ ಖಜಾನೆಗೆ. ಯಾರ ಮಾಹಿತಿ ಸೋರಿತೋ ಅವರಿಗೆ ಬಿಡಿಗಾಸಿಲ್ಲ. ಹಳೆಯ ಐಟಿ ಕಾಯ್ದೆಯಲ್ಲಿ ಪರಿಹಾರ ಕೇಳಲು ಇದ್ದ 43ಎ ಕಲಮನ್ನೂ ಹೊಸ ಕಾಯ್ದೆ ಕಿತ್ತುಹಾಕುತ್ತದೆ. ಸುಳ್ಳು ದೂರು ಕೊಟ್ಟರೆ ದೂರುದಾರನಿಗೇ 10,000 ರೂಪಾಯಿವರೆಗೆ ದಂಡ ಬೀಳಬಹುದು. ಸರ್ಕಾರ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳುವ ದಾರಿಯನ್ನೂ ಅಗಲವಾಗಿ ಇಟ್ಟುಕೊಂಡಿದೆ. ನನ್ನ ಮಟ್ಟಿಗೆ ಈ ಕಾಯ್ದೆ ಒಪ್ಪಿಗೆಯ ಮೇಲೆ ಅತಿಯಾಗಿ ಭಾರ ಹಾಕಿದೆ. ಹಿಂದೆ ಹತ್ತು ಜನ ನಿಂತ ಬಿಲ್ ಕೌಂಟರಿನಲ್ಲಿ, ಮಗು ಅಳುವಾಗ, ಹೂಂ ಅನ್ನುವುದು ಒಪ್ಪಿಗೆಯೆ?

ಹಾಗಂತ ಕೈಕಟ್ಟಿ ಕೂರಬೇಕಾಗಿಲ್ಲ. ಬಿಲ್ ಕೊಡಲು ನಂಬರು ಕಡ್ಡಾಯ ಮಾಡಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಗಳಿಗೆ ಸೂಚನೆ ಕೊಟ್ಟಿದೆ. "ನಂಬರ್ ನಹೀ ದೇನಾ ಹೈ" ಅಂದರೆ ಹೆಚ್ಚಿನ ಕೌಂಟರಿನವರು ಏನೋ ಒಂದು ಒತ್ತಿ ಮುಂದೆ ಹೋಗುತ್ತಾರೆ. ಜಗಳ ಬೇಡದವರು ಎರಡನೇ ಸಿಮ್ಮಿನ ನಂಬರನ್ನು ಅಂಗಡಿ, ಲಕ್ಕಿ ಡ್ರಾ, ಮನೆ ಹುಡುಕುವ ಸೈಟುಗಳಿಗೆ ಮೀಸಲಿಟ್ಟು, ಬ್ಯಾಂಕಿನ ನಂಬರನ್ನು ಬ್ಯಾಂಕಿಗಷ್ಟೇ ಇಟ್ಟುಕೊಳ್ಳಬಹುದು. ಇಷ್ಟರಿಂದಲೇ ಜೋಡಣೆ ಅರ್ಧ ಕಡಿಯುತ್ತದೆ, ನಾಲ್ಕು ದುಬಾರಿ ಆಪ್ ಹಾಕಿಕೊಳ್ಳುವುದಕ್ಕಿಂತ ಇದು ಮೇಲು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸಿನಲ್ಲಿ ಜಾಹೀರಾತಿನ ವಿಭಾಗಕ್ಕೆ ಹೋಗಿ ಗುರುತು ಸಂಖ್ಯೆಯನ್ನು ಅಳಿಸಬಹುದು. ಸ್ಥಳದ ಅನುಮತಿಯನ್ನು ಆಪ್ ಬಳಸುವಾಗ ಮಾತ್ರ ಎಂದು ಮಾಡಿಡಿ. ಟಾರ್ಚ್ ಆಪಿಗೆ ನೀವು ಎಲ್ಲಿದ್ದೀರಿ ಎಂದು ತಿಳಿಯುವ ಯಾವ ಅಗತ್ಯವೂ ಇಲ್ಲ. 1909ಕ್ಕೆ ಮೆಸೇಜ್ ಕಳಿಸಿ ಡಿಎನ್‌ಡಿಗೆ ಸೇರಿದರೆ ನಿಯಮ ಪಾಲಿಸುವ ಕಂಪನಿಗಳ ಪ್ರಚಾರದ ಕರೆ ನಿಲ್ಲುತ್ತವೆ, ಪಾಲಿಸದವರದು ನಿಲ್ಲುವುದಿಲ್ಲ.

ಇಷ್ಟೆಲ್ಲದರ ನಡುವೆ, ನಮ್ಮ ಹಾಳೆಯನ್ನು ಯಾರು ತೆಗೆದು ನೋಡಿದರು ಎಂದು ನಾವು ನೋಡಬಹುದಾದ ಜಾಗ ಸಾಲದ ಇತಿಹಾಸ. ಜನರ ಸಾಲದ ದಾಖಲೆ ಇಡಲು ಮುಂಬಯಿಯಲ್ಲೇ 2000ದಲ್ಲಿ ಹುಟ್ಟಿದ ಸಿಬಿಲ್ ಈಗ ಟ್ರಾನ್ಸ್‌ಯೂನಿಯನ್ ಸಿಬಿಲ್. ಜೊತೆಗೆ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಇವೆ. ವರ್ಷಕ್ಕೊಮ್ಮೆ ನಾಲ್ಕರಿಂದಲೂ ಪೂರ್ತಿ ವರದಿ ಪುಕ್ಕಟೆ. ಎಲ್ಲರೂ 300ರಿಂದ 900ರ ನಡುವಿನ ಅಂಕ ನೋಡಿ ಮುಚ್ಚುತ್ತಾರೆ. ಕೆಳಗೆ ಎನ್‌ಕ್ವೈರಿ ಎಂಬ ಭಾಗವಿದೆ, ಓದಬೇಕಾದದ್ದು ಅದು: ಸಾಲ ಕೊಡುವ ಯಾವ ಸಂಸ್ಥೆ, ಯಾವ ದಿನ, ಯಾವ ಬಗೆಯ ಸಾಲಕ್ಕೆಂದು ನಿಮ್ಮ ವರದಿ ತೆಗೆಸಿತು ಎಂಬ ಪಟ್ಟಿ. ನೀವು ಅರ್ಜಿಯೇ ಹಾಕದ ಸಂಸ್ಥೆಯ ಹೆಸರು ಅಲ್ಲಿದ್ದರೆ ತಕ್ಷಣ ದೂರು ಕೊಡಿ. 30 ದಿನದೊಳಗೆ ಬಗೆಹರಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ನಿಮಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರಲ್ಲಿ ವಿಧಿಸಿದೆ. ವರದಿ ಯಾರಾದರೂ ತೆಗೆಸಿದಾಗ ನಿಮಗೆ ಮೆಸೇಜು ಬರಬೇಕೆಂಬುದು ಅದೇ ದಿನ ಹೊರಬಿದ್ದ ಇನ್ನೊಂದು ಆದೇಶದ ಮಾತು.

ಅಂಥದೇ ಪಟ್ಟಿಯನ್ನು ಬಟ್ಟೆಯಂಗಡಿ, ಡೆಲಿವರಿ ಆಪ್, ಆಸ್ಪತ್ರೆ ಎಲ್ಲರಿಂದಲೂ ಕೇಳುವ ಹಕ್ಕನ್ನು ಹೊಸ ಕಾಯ್ದೆಯ 11ನೇ ಕಲಂ ಕೊಡುತ್ತದೆ: ಒಪ್ಪಿಗೆಯ ಮೇಲೆ ಪಡೆದ ನನ್ನ ಮಾಹಿತಿ ನಿಮ್ಮಲ್ಲಿ ಏನಿದೆ, ಅದರಿಂದ ಏನು ಮಾಡುತ್ತಿದ್ದೀರಿ, ಯಾವ ಯಾವ ಕಂಪನಿಗೆ ಕೊಟ್ಟಿದ್ದೀರಿ, ಹೆಸರು ಸಮೇತ ತಿಳಿಸಿ. ನಿಯಮದ ಗಡುವಿನ ಪ್ರಕಾರ ಅದು ಜಾರಿಗೆ ಬರುವುದು 2027ರ ಮೇ ತಿಂಗಳಲ್ಲಿ. ಮೊದಲ ಪತ್ರವನ್ನು ನಿಮ್ಮ ನಂಬರು ಅತಿ ಹೆಚ್ಚು ಸಲ ಕೇಳಿದ ಅಂಗಡಿಗೇ ಬರೆಯಿರಿ, ಕನ್ನಡದಲ್ಲೇ.